ಹಸನಾದ ಜೋಡಣೆ

ಪೆಟ್ಟಿಗೆ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡಿತು. ಮುಂದೆ ಮಗ, ಹಿಂದೆ ಸೋದರಮಾವ, ನಡುವೆ ಪಕ್ಕದ ಮನೆಯ ದರ್ಜಿ.

"ಸ್ವಲ್ಪ ಓರೆ ಮಾಡಪ್ಪ," ಎಂದ ದರ್ಜಿ.

"ಓರೆ ಮಾಡಿದ್ರೆ ಒಳಗೆ ಅಪ್ಪ ಜಾರ್ತಾರೆ," ಎಂದ ಮಗ. ತಾನಾಡಿದ ಮಾತು ತನಗೇ ಕೇಳಿಸಿ ಅವನು ಹಿಡಿ ಬಿಗಿಮಾಡಿದ.

ಮೊನ್ನೆ ಸಂಜೆ ಊಟದ ಮೇಜಿನ ಮೇಲೆ ತಲೆಯಿಟ್ಟ ಮನುಷ್ಯ ಮತ್ತೆ ಎತ್ತಿರಲಿಲ್ಲ. ಐವತ್ತೂ ತುಂಬಿರಲಿಲ್ಲ. ಸಕ್ಕರೆ ಕಾಯಿಲೆ ಇಲ್ಲ, ಸಿಗರೇಟು ಇಲ್ಲ, ಒಂದು ನೆಗಡಿ ಬಂದದ್ದೂ ಯಾರಿಗೂ ನೆನಪಿಲ್ಲ. ಹೃದಯ ನಿಂತಿತು ಎಂದರು ಡಾಕ್ಟರು. ಯಾಕೆ ನಿಂತಿತೆಂದು ಅವರಿಗೂ ತಿಳಿಯಲಿಲ್ಲ. ಮನೆಯವರಿಗೆ ಇನ್ನೂ ಸರಿಯಾಗಿ ಅಳು ಕೂಡ ಬಂದಿರಲಿಲ್ಲ.

ಕೆಳಗೆ ಅಂಗಳದಲ್ಲಿ ಲ್ಯಾಬಿನವರು ನಿಂತಿದ್ದರು. ತೀರಿಕೊಂಡವರು ಅಲ್ಲೇ ಕೆಲಸಕ್ಕಿದ್ದವರು, ಅಲ್ಲಿ ಅವರಿಗೆ ಜರಡಿ ಎಂದೇ ಅಡ್ಡಹೆಸರು. ಯಂತ್ರ ಡಿಎನ್‌ಎಯನ್ನು ಚೂರುಚೂರಾಗಿ ಓದಿ ಕೊಡುತ್ತದೆ. ಸರಿಯಾಗಿ ಓದಲಾಗದ ಚೂರುಗಳನ್ನು ಸೋಸಿ ತೆಗೆದು, ಕೆಟ್ಟ ತುದಿಗಳನ್ನು ಕತ್ತರಿಸಿ, ಉಳಿದದ್ದನ್ನು ಸಾಫ್ಟ್‌ವೇರಿನಲ್ಲಿ ಒಂದಕ್ಕೊಂದು ಜೋಡಿಸುವುದು ಅವರ ಕೆಲಸ.

"ಮನೇಲೂ ಹಾಗೇ," ಎಂದರು ಅವರ ಹೆಂಡತಿ. "ಬೀನ್ಸ್ ಹೆಚ್ಚೋಕೆ ಕೊಟ್ರೆ ತುದಿ ತೆಗೀತೀನಿ ಅಂತ ಅರ್ಧ ಬೀನ್ಸೇ ಕಸಕ್ಕೆ ಹಾಕೋರು."

ಲ್ಯಾಬಿನವರು ನಕ್ಕರು, ನಕ್ಕದ್ದಕ್ಕೆ ನಾಚಿದರು. ತೀರಿಕೊಂಡವರ ಕೈಕೆಳಗೆ ಕೆಲಸ ಕಲಿತ ಶಿಷ್ಯೆಯೊಬ್ಬಳು ಮಾತ್ರ ನಗಲಿಲ್ಲ.

*

ಅವಳು ಕೆಲಸಕ್ಕೆ ಸೇರಿದ ಹೊಸತು. ಕಲಿಯಲು ಕೊಟ್ಟ ರಕ್ತದ ಮಾದರಿ ಯಾರದೆಂದು ಅವರನ್ನು ಕೇಳಿದ್ದಳು.

"ನಂದೇ. ಬೇರೆಯವರ ಹತ್ರ ರಕ್ತ ಕೊಡಿ ಅಂತ ಕೇಳೋಕೆ ಸಂಕೋಚ. ಪೂರ್ತಿ ನೋಡಿದೀನಿ, ಕಲ್ಲುಗುಂಡಿನ ಹಾಗಿದೀನಿ. ಮಕ್ಕಳ ಬಗ್ಗೆನೂ ಯೋಚನೆ ಇಲ್ಲ."

"ಇಷ್ಟು ಬಿಗಿಯಾಗಿ ಸೋಸಿದ್ರೆ ಬೇಕಾದ್ದೂ ಹೋಗಲ್ವಾ ಸರ್?"

"ಅನುಮಾನ ಇರೋದನ್ನ ಇಟ್ಕೊಂಡ್ರೆ ಜೋಡಣೆ ಕೆಡುತ್ತೆ. ಎಸಿ ತಾಯಿ."

ಎಲ್ಲೂ ತೊಡಕಿಲ್ಲದ, ಹಸನಾದ ಜೋಡಣೆಯನ್ನು ಪರದೆಯ ಮೇಲೆ ಕಂಡರೆ ಅವರಿಗೆ ಹಬ್ಬ. ಅಂದೂ ಕುರ್ಚಿಯನ್ನು ಒಂದು ಸುತ್ತು ತಿರುಗಿಸಿ, ಚಹಾ ತರಿಸಿದ್ದರು.

*

ಅಂಗಳದಲ್ಲಿ ಶಿಷ್ಯೆ ತೀರಿಕೊಂಡವರ ಮಗಳನ್ನು ಗೇಟಿನ ಪಕ್ಕಕ್ಕೆ ಕರೆದಳು.

"ಇವತ್ತು ಹೇಳೋ ಮಾತಲ್ಲ. ನಾಳೆವರೆಗೆ ಇಟ್ಕೊಳ್ಳೋಕೆ ಧೈರ್ಯ ಇಲ್ಲ."

"ಏನಕ್ಕ?"

"ಬೆಳಿಗ್ಗೆ ಸರ್‌ದೇ ಹಳೇ ಮಾದರಿನ ಅಷ್ಟಾಗಿ ಸೋಸದೆ ಜೋಡಿಸಿದೆ. ಹೃದಯದ ಬಡಿತ ನೋಡ್ಕೊಳ್ಳೋ ಜೀನ್ ಒಂದಿದೆ. ಎಲ್ಲರಿಗೂ ಅದರ ಎರಡು ಪ್ರತಿ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಸರ್‌ದು ಒಂದು ಸರಿ ಇದೆ. ಇನ್ನೊಂದರಲ್ಲಿ ತಪ್ಪಿದೆ. ಆ ತಪ್ಪಿದ್ದ ಚೂರುಗಳನ್ನ ಯಂತ್ರ ಸ್ವಲ್ಪ ಮಸುಕಾಗಿ ಓದಿತ್ತು."

"ಅಪ್ಪ ಎಸೆದ್ರಾ?"

"ಎಸೆದ್ರು. ಉಳಿದ ಪ್ರತಿ ನೋಡಿ ಎಲ್ಲ ಸರಿಯಿದೆ ಅಂದ್ಕೊಂಡ್ರು."

ಮಗಳಿಗೆ ಅಪ್ಪ ಸತ್ತ ಸುದ್ದಿಯನ್ನು ಇನ್ನೊಮ್ಮೆ ಕೇಳಿದಂತಾಯಿತು. ಈ ಸಲ ಅಪ್ಪನ ಮೇಲೆ ಸಿಟ್ಟೂ ಬಂತು, ಬಂದದ್ದಕ್ಕೆ ಸಂಕಟವೂ ಆಯಿತು.

"ಅದೇ ಕಾರಣ ಅಂತ ಹೇಳೋಕಾಗಲ್ಲ. ಡಾಕ್ಟರು ನೋಡ್ಬೇಕು. ನಿಂಗೂ ನಿನ್ನ ತಮ್ಮಂಗೂ ಬಂದಿರಬಹುದು, ಬರದೇನೂ ಇರಬಹುದು. ಪರೀಕ್ಷೆ ಆಗೋವರೆಗೂ ಓಡೋದು, ಭಾರ ಎತ್ತೋದು ಬೇಡ."

ಮಗಳು ತನ್ನ ವಿಷಯ ಕೇಳಲಿಲ್ಲ. ತಿರುಗಿ ಮನೆಯ ಕಡೆ ನೋಡಿದಳು. ಪೆಟ್ಟಿಗೆ ಹೊಸ್ತಿಲು ದಾಟಿ ಅಂಗಳಕ್ಕೆ ಇಳಿಯುತ್ತಿತ್ತು. ಮುಂದಿನ ತುದಿಯಲ್ಲಿ ತಮ್ಮ, ಕಾಲೇಜಿನ ಓಟದ ತಂಡದವನು. ಅವನ ಮುಖ ಕೆಂಪಾಗಿ ಕೊರಳಿನ ನರ ಉಬ್ಬಿತ್ತು.

"ಕೆಳಗಿಡೋ," ಎಂದಳು.

"ಯಾಕೆ? ವ್ಯಾನ್ ಇಲ್ಲೇ ಇದೆಯಲ್ಲ."

"ಇಡು ಅಂದ್ರೆ ಇಡು."

ಅವಳ ದನಿಗೆ ಎಲ್ಲರೂ ತಿರುಗಿದರು. ದರ್ಜಿ ಮುಂದೆ ಬಂದು ಆ ತುದಿಗೆ ಹೆಗಲು ಕೊಟ್ಟ. ಅವಳು ನೇರವಾಗಿ ಹೋಗಿ, ಬೆವರಿನಿಂದ ಒದ್ದೆಯಾದ ತಮ್ಮನ ಅಂಗಿಯ ಮೇಲೆ, ಎದೆಯ ಎಡಕ್ಕೆ, ಅಂಗೈ ಒತ್ತಿ ಹಿಡಿದಳು.

"ಏನಕ್ಕ ಇದು? ಎಲ್ಲ ನೋಡ್ತಿದಾರೆ. ಅಪ್ಪನ್ನ ಕರ್ಕೊಂಡು ಹೋಗ್ತಿದಾರೆ, ಬಾ."

ಪೆಟ್ಟಿಗೆ ಅವರಿಬ್ಬರ ಪಕ್ಕದಲ್ಲೇ ಹಾದುಹೋಯಿತು. ಅವಳು ಅತ್ತ ತಿರುಗಲಿಲ್ಲ, ಕೈಯನ್ನೂ ತೆಗೆಯಲಿಲ್ಲ.