ಮುಖವಿಲ್ಲದ ಸಭೆ

ವಿಜಾಪುರದ ಕೋಟೆಗೋಡೆಯ ಹೊರಗಿದ್ದ ಹಳೆಯ ಚರ್ಚಿನೊಳಗೆ ನಡುಹಗಲಿನಲ್ಲಿಯೂ ಮಬ್ಬು. ಇಲ್ಲಿಯ ಬಿಸಿಲಿಗೆ ಅಂಜಿದ ಪರದೇಶಿ ಪಾದ್ರಿಗಳು ಗೋಡೆಗಳನ್ನು ದಪ್ಪವಾಗಿಯೂ ಕಿಟಕಿಗಳನ್ನು ಸಣ್ಣದಾಗಿಯೂ ಕಟ್ಟಿಸಿದ್ದರು. ೧೯೭೪ರ ಚಳಿಗಾಲದಲ್ಲಿ ಅದರ ಒಳಾಂಗಣವನ್ನು, ಪ್ರಾರ್ಥನೆಗೆ ಕುಳಿತ ಸಭೆಯ ಸಮೇತ, ಚಿತ್ರ ತೆಗೆಯುವ ಕೆಲಸ ದಶರಥನಿಗೆ ಬಂದಿತು. ಊರಿನಲ್ಲಿ ಸ್ಟುಡಿಯೋ ಇಟ್ಟಿದ್ದ ದಶರಥ, ಗುಮ್ಮಟ ಮಸೀದಿಗಳ ಒಳಭಾಗವನ್ನು ಫ್ಲ್ಯಾಶ್ ಇಲ್ಲದೆ ತೆಗೆಯುವುದರಲ್ಲಿ ಹೆಸರಾದವನು. ಫ್ಲ್ಯಾಶ್ ಎಂದರೆ ಅವನಿಗೆ ತಿರಸ್ಕಾರ. ಅದು ಮುಂದಿನ ಸಾಲಿಗೆ ಸುಣ್ಣ ಬಳಿದು, ಹಿಂದಿನದನ್ನೆಲ್ಲ ಮಸಿಯಲ್ಲಿ ಅದ್ದುತ್ತದೆ ಎನ್ನುತ್ತಿದ್ದ.

ಚರ್ಚಿನ ಶತಮಾನೋತ್ಸವಕ್ಕೆ ಒಂದು ಪುಸ್ತಕ ಅಚ್ಚಾಗಲಿತ್ತು. ಸಭೆ ತುಂಬಿ ತುಳುಕುತ್ತಿದೆ ಎಂಬುದನ್ನು ಚಿತ್ರದಲ್ಲಿ ಕಂಡರೆ ಪರದೇಶದವರು ಮಾಳಿಗೆಯ ದುರಸ್ತಿಗೆ ನೆರವಾಗುವರೆಂದು ಕಾರ್ಯದರ್ಶಿ ಮರೆಪ್ಪ ನಂಬಿದ್ದ. ಆದುದರಿಂದ ಅವನು ವೇದಿಕೆಯ ಮೇಲೆ ನಿಂತು ಸಾರಿಬಿಟ್ಟಿದ್ದ: ಚಿತ್ರ ತೆಗೆಯುವ ದಿನ ಬಾರದವರು ಸಭೆಯವರಲ್ಲ, ಸಭೆಯವರಲ್ಲದವರಿಗೆ ಚರ್ಚಿನ ಸ್ಮಶಾನದಲ್ಲಿ ಸ್ಥಳವಿಲ್ಲ, ಯಾರೂ ಸೆರಗಿನಿಂದ ಮುಖ ಮುಚ್ಚಿಕೊಳ್ಳತಕ್ಕದ್ದಲ್ಲ.

ಶನಿವಾರ ಮಧ್ಯಾಹ್ನ ದಶರಥ ತೆಂಕಣ ಬಾಗಿಲ ಹೊರಗೆ ಬಿಳಿಯ ಧೋತರಗಳನ್ನು ಹಗ್ಗಕ್ಕೆ ಕಟ್ಟಿ, ಬಿಸಿಲು ಅವಕ್ಕೆ ಬಡಿದು ಒಳಗೆ ಬೀಳುವಂತೆ ಮಾಡುತ್ತಿದ್ದ. ಆಗ ತಾಯಿಮಗಳಿಬ್ಬರು ಜಗಳಾಡುತ್ತ ಆವರಣದೊಳಗೆ ಬಂದರು. ತಾಯಿ ಟಿಕೋಟಾದ ಮಾಳವ್ವ; ಮಗಳು ಬಬಲೇಶ್ವರದಲ್ಲಿ ಶಿಕ್ಷಕಿಯಾಗಿದ್ದ ಸೋನಾಬಾಯಿ.

"ನಾಳೆ ನೀ ಒಳಗ ಕೂಡಬ್ಯಾಡ ಬೇ. ನನ್ನ ಜಾತಿ ಮ್ಯಾಲ ಯಾರೋ ಚಾಡಿ ಹೇಳ್ಯಾರ, ಚೌಕಶಿ ನಡದೈತಿ. ಆ ಪುಸ್ತಕದಾಗ ನಿನ್ನ ಮಾರಿ ಬಂತಂದ್ರ ನನ್ನ ನೌಕರಿ ಹೋತು," ಎಂದಳು ಸೋನಾಬಾಯಿ.

"ಕೂಡಲಿಲ್ಲಂದ್ರ ಮರೆಪ್ಪ ನನ್ನ ಇಲ್ಲಿ ಹುಗ್ಯಾಕ ಬಿಡೂದಿಲ್ಲ. ನಿಮ್ಮಪ್ಪನ ಮಗ್ಗಲದಾಗ ಜಾಗಾ ಹಿಡದೇನಿ. ಇದ್ದಾಗಂತೂ ದನಾ ಕಾಯಾಕ ಹೋಗಿ ಹಟ್ಟ್ಯಾಗ ಮಲಗಿದ. ಸತ್ತ ಮ್ಯಾಲರ ಮಗ್ಗಲ ಕೊಡಲಿ."

ಸೋನಾಬಾಯಿಯ ಹುದ್ದೆ ಪರಿಶಿಷ್ಟ ಜಾತಿಗೆ ಮೀಸಲಾದದ್ದು. ಕ್ರೈಸ್ತರಾದವರಿಗೆ ಆ ಸವಲತ್ತು ಇಲ್ಲವೆನ್ನುತ್ತದೆ ಕಾನೂನು. ಕ್ರೈಸ್ತರಾದ ಮಾತ್ರಕ್ಕೆ ಊರ ಬಾವಿಯ ಹಗ್ಗ ಅವರ ಕೈಗೆ ಬಂದಿತೇ, ಚಹದಂಗಡಿಯಲ್ಲಿ ಅವರ ಬಟ್ಟಲು ಉಳಿದವರ ಬಟ್ಟಲಿನೊಡನೆ ಕೂಡಿತೇ ಎಂದು ಕಾನೂನು ಎಂದೂ ಕೇಳಿದ್ದಿಲ್ಲ. ದಾಖಲೆಯಲ್ಲಿ ಹಿಂದೂ ಎಂದೇ ಉಳಿದು, ಐತವಾರ ಚರ್ಚಿನ ಕತ್ತಲೆಯಲ್ಲಿ ಕುಳಿತೆದ್ದು ಹೋಗುವುದೊಂದೇ ಇಂಥ ಮನೆತನಗಳಿಗೆ ಉಳಿದ ದಾರಿಯಾಗಿತ್ತು. ಈಗ ಆ ಕತ್ತಲೆಗೂ ಕ್ಯಾಮೆರಾ ಬಂದಿತ್ತು.

ಮಾಳವ್ವ ದಶರಥನತ್ತ ತಿರುಗಿದಳು. "ಏ ಯಪ್ಪಾ, ನಿನ್ನ ಡಬ್ಬಿಗೆ ಕಾಣಲಾರದಂಗ ಒಳಗ ಕೂಡಾಕ ಬರತೈತೇನು?"

ದಶರಥ ಹಗ್ಗದ ಗಂಟು ಬಿಗಿದು ಹತ್ತಿರ ಬಂದ. "ಬರತೈತಿ ಆಯಿ. ಇದೇನು ಮಿಂಚ ಹೊಡದಂಗ ತಗಿಯೂ ಫೋಟೋ ಅಲ್ಲ. ಕತ್ತಲಿ ಐತಲ್ಲ, ಅದಕ್ಕ ಒಂದ ನಿಮಿಷ ಇದರ ಕಣ್ಣ ತೆರದಿರತೈತಿ. ಅಲ್ಲಾಡಲಾರದವರಷ್ಟ ಇದಕ್ಕ ಕಾಣ್ತಾರ. ನೀ ಮಾರಿ ಅತ್ತಿತ್ತ ಆಡಿಸ್ಕೋತ ಕೂಡು. ಮೈ ಬರತೈತಿ, ಮಾರಿ ಬರೂದಿಲ್ಲ."

"ಅಂದ್ರ ದೇವರ ಮುಂದ ಕೂತು ಒಂದ ನಿಮಿಷ ಒಲ್ಲೆ ಒಲ್ಲೆ ಅನಬೇಕು." ಮಾಳವ್ವ ನಕ್ಕಳು. "ಮದವ್ಯಾಗೂ ಹಂಗ ಅಂದಿದ್ದೆ. ಯಾರೂ ಕೇಳಲಿಲ್ಲ."

ಸೋನಾಬಾಯಿ ನಗಲಿಲ್ಲ. "ಖರೇನ ಬರೂದಿಲ್ಲೇನ್ರಿ?" ಎಂದು ದಶರಥನನ್ನು ಮತ್ತೆ ಮತ್ತೆ ಕೇಳಿ, ನಂಬಿಕೆ ಹುಟ್ಟಿದ ಮೇಲೆ ಬಸ್ಸು ಹಿಡಿದಳು.

ಮರುದಿನ ಚರ್ಚು ತುಂಬಿತ್ತು. ಮರೆಪ್ಪ ಎಲ್ಲರಿಗಿಂತ ಮುಂದೆ, ಕೋಟಿನ ಗುಂಡಿ ಹಾಕಿಕೊಂಡು, ಕೈಜೋಡಿಸಿ ಕಣ್ಣು ಮುಚ್ಚಿ ಮಂಡಿಯೂರಿದ. ದಶರಥ ಲೆನ್ಸಿನ ಮುಚ್ಚಳ ತೆಗೆದ. ಮಾಳವ್ವನ ತಲೆ ಎಡಕ್ಕೂ ಬಲಕ್ಕೂ ಆಡತೊಡಗಿತು. ಅವಳ ಪಕ್ಕದವಳ ತಲೆಯೂ ಆಡಿತು. ಮರುಗಳಿಗೆಯಲ್ಲಿ ಅವರ ಹಿಂದಿನ ಸಾಲು, ಗಂಡಸರ ಕಡೆಯ ಸಾಲು, ಗೋಡೆಗೆ ಆತು ನಿಂತವರು, ಎಲ್ಲರೂ ಒಂದೇ ಸಮನೆ ಸದ್ದಿಲ್ಲದೆ ತಲೆಯಾಡಿಸುತ್ತಿದ್ದರು. ಮಾಳವ್ವ ರಾತ್ರಿಯೊಳಗೆ ಯಾರಿಗೆಲ್ಲ ಹೇಳಿದ್ದಳೋ! ಮಗನ ಹಾಸ್ಟೆಲ್ಲು, ಅಳಿಯನ ಜವಾನಿಕೆ, ಸರಕಾರ ಕೊಟ್ಟ ತುಂಡು ಭೂಮಿ. ಆ ಮಬ್ಬಿನಲ್ಲಿ ಕುಳಿತ ಪ್ರತಿಯೊಂದು ಮನೆಗೂ ಕಾಣಬಾರದ ಕಾರಣವೊಂದು ಇತ್ತು. ಮಸೀದಿಯ ಕಮಾನುಗಳಲ್ಲಿ, ಗೋರಿಗಳ ನಡುವೆ ದಶರಥ ಎಷ್ಟೋ ಸಲ ಇಂಥ ನಿಮಿಷವನ್ನು ಕಾದಿದ್ದ. ಬದುಕಿರುವ ಜನರು ತಮ್ಮನ್ನು ತಾವೇ ಒರೆಸಿಕೊಳ್ಳುವುದನ್ನು ಕಂಡಿದ್ದಿಲ್ಲ.

ಚಿತ್ರ ಅಪೂರ್ವವಾಗಿ ಬಂದಿತ್ತು. ಕಲ್ಲಿನ ಒಂದೊಂದು ಉಳಿಯೇಟು, ತೊಲೆಯ ಒಂದೊಂದು ಗೆರೆ ಸ್ಪಷ್ಟ. ಸೀರೆಗಳಿದ್ದವು, ರುಮಾಲುಗಳಿದ್ದವು, ಅವುಗಳ ನಡುವೆ ಮುಖವಿರಬೇಕಾದಲ್ಲಿ ಹೊಗೆ. ಮುಖವಿದ್ದವನು ಮರೆಪ್ಪನೊಬ್ಬನೇ.

"ಏನ್ರೀ ಇದು? ದೆವ್ವಗಳ ಸಭೆ ತಗದೀರೇನು?" ಎಂದ ಮರೆಪ್ಪ.

"ಎಲ್ಲಾರೂ ಬಂದಿದ್ರು. ನೀವ ನೋಡೀರಲ್ಲ."

"ನಾ ಎಲ್ಲಿ ನೋಡಲಿ? ಕಣ್ಣ ಮುಚ್ಚಿದ್ದೆ." ಮರೆಪ್ಪ ಚಿತ್ರವನ್ನು ಮೇಜಿನ ಮೇಲೆ ಒಗೆದ. "ಬರೂ ಐತವಾರ ಫ್ಲ್ಯಾಶ್ ಹಚ್ಚಿ ತಗೀರಿ. ಆಗ ಯಾರ ಮಾರಿ ಎಲ್ಲಿಗೆ ಓಡತೈತಿ ನೋಡೂಣು."

"ನನ್ನಿಂದ ಆಗೂದಿಲ್ರಿ."

"ಯಾಕ, ಗೋಡಿ ಸುಡತೈತೇನು?"

"ಗೋಡಿಗೇನೂ ಆಗೂದಿಲ್ರಿ. ಒಳಗ ಕೂತವರ ಅನ್ನ ಸುಡತೈತಿ. ನಿಮಗ ಗೊತ್ತಿಲ್ಲಂತ ಹೇಳಬ್ಯಾಡ್ರಿ."

"ಸರಕಾರಕ್ಕೊಂದು ಮಾರಿ, ದೇವರಿಗೊಂದು ಮಾರಿ ನಡಿಯೂದಿಲ್ಲ ದಶರಥ. ವಿಶ್ವಾಸ ಇದ್ದಾಂವ ಬೆಳಕಿಗೆ ಅಂಜಬಾರದು."

ಮಾತು ಎಷ್ಟು ಘನವಾದದ್ದು! ಆದರೆ ಮರೆಪ್ಪನ ಮಗನಿಗೆ ದೊರೆತ ಕೆಲಸ ಪಾದ್ರಿಗಳ ಶಿಫಾರಸಿನದು. ಅವನ ಜಾತಿಯನ್ನು ಯಾವ ಕಚೇರಿಯೂ ಕೇಳುತ್ತಿರಲಿಲ್ಲ. ತಾನು ತೆರಬೇಕಿಲ್ಲದ ಬೆಲೆಯನ್ನು ಪರರಿಂದ ತೆರಿಸಿ, ಅದಕ್ಕೆ ವಿಶ್ವಾಸವೆಂದು ಹೆಸರಿಡುವುದು ನೀಚತನ. ಅದನ್ನು ಚರ್ಚಿನಲ್ಲಿ ಮಾಡಿದರೂ ನೀಚತನವೇ, ಕಚೇರಿಯಲ್ಲಿ ಮಾಡಿದರೂ ನೀಚತನವೇ.

ಕೆಲಸ ಮತ್ತೊಂದು ಸ್ಟುಡಿಯೋದವನಿಗೆ ಹೋಯಿತು. ಐತವಾರ ಬೆಳಿಗ್ಗೆ ದಶರಥ ಹಗ್ಗಕ್ಕೆ ಕಟ್ಟಿದ್ದ ಧೋತರಗಳನ್ನು ಬಿಚ್ಚಿ ಒಯ್ಯಲು ಚರ್ಚಿಗೆ ಹೋದ. ಒಳಗೆ ಜನ ಕಡಿಮೆ. ಫ್ಲ್ಯಾಶಿನ ವಿಷಯ ತಿಳಿದವರು ತಮ್ಮ ತಮ್ಮ ಊರಲ್ಲೇ ಉಳಿದಿದ್ದರು. ತಿಳಿಯದ ಮಾಳವ್ವ ಮಡಿಸಿಟ್ಟಿದ್ದ ಇಳಕಲ್ಲ ಸೀರೆಯುಟ್ಟು ಆಗಲೇ ಬಸ್ಸಿಳಿದು ಬರುತ್ತಿದ್ದಳು.

"ಆಯಿ, ಇವತ್ತ ಮಿಂಚ ಹೊಡಿಯೂ ಕ್ಯಾಮೆರಾ," ಎಂದ ದಶರಥ. "ಮಾರಿ ಆಡಿಸಿದ್ರೂ ಸಿಗತೀ."

ಅವಳು ನಿಂತುಬಿಟ್ಟಳು. ಒಳಗಿನಿಂದ ಹಾಡು ಕೇಳತೊಡಗಿತು. ಮರೆಪ್ಪ ಬಾಗಿಲಿಗೆ ಬಂದ.

"ಮಾಳವ್ವಾ, ಬರತೀಯೋ ಇಲ್ಲೋ? ನಿನ್ನ ಗಂಡನ ಮಗ್ಗಲದಾಗಿನ ಜಾಗಾ ಕೇಳಾಕ ಬ್ಯಾರೇದವರು ಅದಾರ."

ಮಾಳವ್ವ ಚರ್ಚಿನ ಹಿಂಬದಿಯ ಸ್ಮಶಾನದತ್ತ ನೋಡಿದಳು. ಬೇಲಿಯಾಚೆ ಗಂಡನ ಗೋರಿಯ ಬಳಿ ಹುಲ್ಲು ಒಣಗಿ ನಿಂತಿತ್ತು. ಒಂದು ಹೆಜ್ಜೆ ಮುಂದಿಟ್ಟಳು. ಮತ್ತೆ ಹಿಂದಿಟ್ಟಳು.

"ಕೊಟ್ಟಬಿಡ್ರಿ ಸಾಹೇಬ್ರ. ಅವರಿಗೇ ಕೊಡ್ರಿ."

ಬಾಗಿಲು ಮುಚ್ಚಿತು. ಹಾಡು ನಿಂತ ಮೇಲೆ, ಎತ್ತರದ ಸಣ್ಣ ಕಿಟಕಿಗಳಲ್ಲಿ ಬೆಳಕೊಂದು ಬಡಿದು ಮಾಯವಾಯಿತು.

"ಆತೇನು?" ಎಂದಳು.

"ಆತು, ಆಯಿ."

"ಇಷ್ಟ ಲಗೂನ?" ಮಾಳವ್ವ ಬಸ್ ಸ್ಟ್ಯಾಂಡಿನ ಕಡೆಗೆ ಹೊರಳಿದಳು. ದಶರಥ ಏನೋ ಹೇಳಲು ಬಾಯ್ತೆರೆದ. ಅವಳು ಕೈಯಾಡಿಸಿ ತಡೆದಳು.

"ಬಿಡ ಯಪ್ಪಾ. ಹುಗ್ಯಾಕ ಕುಣಿ ಹಳ್ಳದ ದಂಡ್ಯಾಗರ ಸಿಗತೈತಿ. ನೌಕರಿ ಸಿಗೂದಿಲ್ಲ."