ಅಪ್ಪನ ಮೂಗು

"ಊದು," ಎಂದ ನರಸಿಂಗ.

ಹದಿನಾರರ ಮಗ ಸಮ್ಯಕ ಅಪ್ಪನ ಮುಖಕ್ಕೆ ಉಸಿರು ಬಿಟ್ಟ. ನರಸಿಂಗ ಕಣ್ಣು ಮುಚ್ಚಿ ಮೂಸಿದ. ಏನೂ ಬರಲಿಲ್ಲ. ಬರದೇ ಇದ್ದದ್ದಕ್ಕೇ ಅವನ ಅನುಮಾನ ಹೆಚ್ಚಾಯಿತು.

ಬಸವಕಲ್ಯಾಣದಲ್ಲಿ ನರಸಿಂಗನದು ಪಂಚರ್ ಅಂಗಡಿ. ಟ್ಯೂಬಿಗೆ ತೇಪೆ ಅಂಟಿಸುವ ಸಲೂಷನ್ನನ್ನು ಈ ಹುಡುಗ ಅಲ್ಲಿಂದಲೇ ಕದ್ದು, ಮೂಸಿ ಮೂಸಿ, ಹೋದ ವರ್ಷ ಮನೆಯನ್ನೇ ನರಕ ಮಾಡಿದ್ದ. ಅಂಗಡಿಯ ಹಿಂದೆ ಎಚ್ಚರ ತಪ್ಪಿ ಬಿದ್ದ ದಿನವೇ ಅಪ್ಪನಿಗೆ ಗೊತ್ತಾದದ್ದು. ಹುಮನಾಬಾದಿನ ವ್ಯಸನಮುಕ್ತಿ ಕೇಂದ್ರದಲ್ಲಿದ್ದು ಈಗ ವಾಪಸು ಬಂದಿದ್ದಾನೆ. ಅಂದಿನಿಂದ ಸಂಜೆ ಅಂಗಡಿ ಮುಚ್ಚಿ ಬಂದ ನರಸಿಂಗನಿಗೆ ಮೊದಲ ಕೆಲಸ ಇದೇ.

"ಇಷ್ಟೊತ್ತು ಎಲ್ಲಿ ಹೋಗಿದ್ದಿ?"

"ಕಿಲ್ಲಾ ಕಡಿ. ಕ್ರಿಕೆಟ್ ಆಡ್ಲಾಕ."

"ಕಣ್ಣು ಯಾಕ ಕೆಂಪಾಗ್ಯಾವ?"

"ಧೂಳ."

"ಧೂಳಂತ ಧೂಳ. ನಾಳಿ ಮುಂಜಾನಿ ನಡಿ ಹುಮನಾಬಾದಕ್ಕ. ಈ ಸಲ ವರ್ಷಗಟ್ಲೆ ಅಲ್ಲೇ ಬಿದ್ದಿರು."

ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಕಾಂತಾಬಾಯಿ ತಲೆ ಎತ್ತಿದಳು. "ವಾಸನಿ ಬಂದ್ರೂ ಬೈತೀರಿ, ಬರದಿದ್ರೂ ಬೈತೀರಿ. ಹುಡುಗ ಉಸಿರಾಡೋದೇ ಬ್ಯಾಡೇನ್ರಿ?"

"ನೀ ಸುಮ್ಕ ಕುಂದ್ರು. ಕಳ್ಳಗ ಕಂದೀಲ ಹಿಡದಾಕಿ ನೀನೇ. ವಾಸನಿ ಹಿಡದ ಅವನ ಅರಿವಿ ಗುಟ್ಟಾಗಿ ಒಗದು ಹಾಕಿದಾಕಿ."

ಅದು ನಿಜವಾಗಿತ್ತು. ಅವಳು ಮತ್ತೆ ರೊಟ್ಟಿ ಬಡಿಯತೊಡಗಿದಳು.

ಸಮ್ಯಕ ಗೋಡೆ ನೋಡುತ್ತ ಹೇಳಿದ: "ಅಪ್ಪಾ, ನಿನ್ನ ಮೂಗಿಗಿ ಸಲೂಷನ್ ವಾಸನಿ ಹತ್ತಂಗಿಲ್ಲ."

"ಏನಂದಿ?"

"ಹೋದ ವರ್ಷ ಮೂಸಿ ಬಂದು ನಿನ್ನ ಬಾಜೂಕೇ ಕುಂತು ರೊಟ್ಟಿ ತಿಂದೀನಿ. ಒಂದಿನಾನೂ ನಿಂಗ ಗೊತ್ತಾಗಿಲ್ಲ. ಅವ್ವಗ ಗೊತ್ತಾಗ್ತಿತ್ತು. ನೀ ಮುಂಜಾನಿಂದ ಅದರಾಗೇ ಇರ್ತಿ."

ಇವನು ಇದನ್ನು ಯಾಕೆ ಹೇಳುತ್ತಿದ್ದಾನೆ? ಕನ್ನ ಕೊರೆದ ಜಾಗವನ್ನು ತಾನೇ ತೋರಿಸುವ ಕಳ್ಳ ಇನ್ನೊಂದು ಕಡೆ ಕೊರೆದಿರುತ್ತಾನೆ. ನರಸಿಂಗ ಜೇಬಿನಿಂದ ಸಲೂಷನ್ ಟ್ಯೂಬು ತೆಗೆದು, ಮುಚ್ಚಳ ಬಿಚ್ಚಿ ಮೂಗಿಗೆ ಹಿಡಿದ. ಮೂಗು ಚುರ್ ಅಂದಿತು, ಅಷ್ಟೇ; ವಾಸನೆ ಹತ್ತಲಿಲ್ಲ. ಕಾಂತಾಬಾಯಿ ಆಗಲೇ ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದಳು.

"ಮುಚ್ಚು ಅಪ್ಪಾ. ದೌಡ ಮುಚ್ಚು."

ಸಮ್ಯಕ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಮುಖ ಬೀದಿಯ ಕಡೆಗಿತ್ತು, ಮೈ ಮಾತ್ರ ಒಳಗೇ ವಾಲುತ್ತಿತ್ತು.

ನರಸಿಂಗ ಗಾಬರಿಯಿಂದ ಟ್ಯೂಬು ಮುಚ್ಚಿ, ಹೊರಗೆ ಓಡಿ, ಸ್ಕೂಟರಿನ ಡಿಕ್ಕಿಯಲ್ಲಿಟ್ಟು ಬೀಗ ಹಾಕಿದ. ತಿರುಗಿ ಬಂದಾಗ ಹುಡುಗ ಹೊಸ್ತಿಲ ಮೇಲೆ ಕುಸಿದು ಬೆವರುತ್ತಿದ್ದ. ಖರೆಯೋ, ನಾಟಕವೋ? ವರ್ಷವಿಡೀ ನಾಟಕ ಆಡಿದ ಹುಡುಗ.

"ಕಾಂತಾ, ನೀ ಮೂಸಿ ಹೇಳು."

"ನಾ ಹೇಳಿದ್ರ ನಂಬ್ತೀರೇನು?"

"ಹೇಳು ಅಂದೆ."

ಅವಳು ಹಿಟ್ಟಿನ ಕೈಯಲ್ಲೇ ಮಗನ ಗದ್ದ ಹಿಡಿದು ಮೂಸಿದಳು. "ಇಲ್ಲ."

ಹೋದ ವರ್ಷವೂ ಇದೇ ದನಿಯಲ್ಲಿ ಇಲ್ಲ ಅಂದವಳು. ಆದರೆ ಮನೆಯಲ್ಲಿ ಬೇರೆ ಮೂಗು ಇರಲಿಲ್ಲ.

"ನಾಳಿ ಹುಮನಾಬಾದ ಬ್ಯಾಡ," ಎಂದ ನರಸಿಂಗ. "ಉಣ್ಲಾಕ ಹಾಕು."

ಹುಡುಗ ಕೈ ತೊಳೆಯಲು ಎದ್ದು ಹೋದ ಮೇಲೆ ಅವನು ಹೆಂಡತಿಯ ಹತ್ತಿರ ಬಗ್ಗಿದ. "ಇನ್ನ ಸಂಜಿಕೊಮ್ಮೆ ನೀನೇ ಅವನ ಬಾಯಿ ಮೂಸು. ನೀ ಏನೂ ಹೇಳಬ್ಯಾಡ, ನಾ ನಿನ್ನ ಮಾರಿ ನೋಡ್ತೀನಿ."