ಹಲಗೆಗೆ ಹಿಡಿಸದ ಮೂರು

ಹಲಗೆಯ ಬಲತುದಿಗೆ ಅಂಗೈಯಗಲದ ಮರದ ತುಂಡೊಂದನ್ನು ಜೋಡಿಸಿ ಕೊನೆಯ ಮೊಳೆ ಹೊಡೆಯುತ್ತಿದ್ದಾಗ ಹೊರಗೆ ವ್ಯಾನು ಬಂದು ನಿಂತಿತು. ಹುಡುಕಿಕೊಂಡು ಹಿತ್ತಿಲಿಗೆ ಬಂದ ಮಗಳು ಅಪ್ಪನ ಕೈಯಲ್ಲಿ ಸುತ್ತಿಗೆ ಕಂಡು ಸಿಡುಕಿದಳು.

"ಅಪ್ಪಾ, ಅಮ್ಮನ್ನ ಸ್ಮಶಾನಕ್ಕೆ ಕರ್ಕೊಂಡು ಹೋಗೋಕೆ ಬಂದಿದ್ದಾರೆ. ನೀನಿಲ್ಲಿ ಮೊಳೆ ಹೊಡೀತಾ ಕೂತಿದ್ದೀಯಲ್ಲ!"

"ಬಣ್ಣದ ಡಬ್ಬಿ ಹಿಡ್ಕೋ. ಒಂದೇ ಒಂದು ಅಂಕಿ."

ಊರಿನ ಅಂಗಡಿಗಳಿಗೆಲ್ಲ ಬೋರ್ಡು ಬರೆದ ಕೈ ಸುತ್ತಿಗೆ ಬಿಟ್ಟು ಕುಂಚ ಎತ್ತಿಕೊಂಡಿತು. ಹಲಗೆಯ ಮೇಲೆ ಮಾಸಿದ ಕೆಂಪಿನಲ್ಲಿ 7393913 ಎಂದಿತ್ತು. ಅಮ್ಮ ನಿವೃತ್ತಳಾದ ದಿನ ಶಾಲೆಯಿಂದ ಹೊತ್ತು ತಂದದ್ದು. ಲೆಕ್ಕವೆಂದರೆ ಮಾರು ದೂರ ಓಡುವ ಮಗಳು ಅದೇನೆಂದು ಯಾವತ್ತೂ ಕೇಳಿರಲಿಲ್ಲ.

ಅವಳ ಹಿಂದೆಯೇ ಬಂದ ಬಸ್ ಕಂಡಕ್ಟರ್, ಅಮ್ಮನ ಹಳೆಯ ಶಿಷ್ಯ, ಹಲಗೆ ನೋಡಿ ಕಣ್ಣೊರೆಸಿಕೊಂಡ.

"ಇದನ್ನ ಶೇಷ ಉಳೀದೆ ಭಾಗಿಸಿದೋರಿಗೆ ಒಂದು ಡಬ್ಬಿ ಮಿಠಾಯಿ ಅಂದಿದ್ರು ಟೀಚರ್. ತಿಂಗಳುಗಟ್ಟಲೆ ತಿಣುಕಿದ್ವಿ. ಕೊನೆಗೆ ಸೋತೋರಿಗೆಲ್ಲ ಹಂಚಿಬಿಟ್ರು!"

ಮಗಳಿಗೆ ನಗು ಬರಲಿಲ್ಲ. "ನನ್ನ ಪಾಲಿಗೆ ಅಮ್ಮ ಹೋಗಿ ವರ್ಷ ಆಯ್ತು. ಆ ಮರೆವಿನ ಕಾಯಿಲೇಲಿ ನನ್ನ ಹೆಸರೇ ಗೊತ್ತಿರಲಿಲ್ಲ. 'ಯಾರಮ್ಮ ನೀನು, ಊಟ ಆಯ್ತಾ' ಅಂತಿದ್ಲು. ಇವತ್ತು ಕಳಿಸಿಕೊಡ್ತಿರೋದು ಯಾರನ್ನ, ಅಪ್ಪ?"

*

ಅಪ್ಪ ಅಮ್ಮನ ಮದುವೆಗೂ ಮುಂಚಿನ ಮಾತು. ತನ್ನ ತರಗತಿಗೊಂದು ಬೋರ್ಡು ಬೇಕೆಂದು ಹೊಸ ಟೀಚರ್ ಅಪ್ಪನಿಗೆ ಚೀಟಿಯಲ್ಲಿ 73939133 ಎಂದು ಬರೆದು ಕೊಟ್ಟಿದ್ದಳು. ಅಳತೆ ಹಾಕದೆ ಬರೆಯುವುದು ಆಗ ಅವನಿಗೊಂದು ಜಂಭ. ದಪ್ಪದಪ್ಪ ಅಂಕಿ ಬರೆಯುತ್ತಾ ಹೋದವನಿಗೆ ಕೊನೆಯ ಮೂರಕ್ಕೆ ಜಾಗವೇ ಸಿಗಲಿಲ್ಲ. ಬೈಗುಳ ಕಾದು ತಲೆ ತಗ್ಗಿಸಿ ನಿಂತ. ಅವಳು ನಕ್ಕುಬಿಟ್ಟಳು.

"ಬಿಡಿ, ಈ ಸಂಖ್ಯೆಗೆ ಏನೂ ಆಗಲ್ಲ. ಇದನ್ನ ಒಂದು ಬಿಟ್ಟು ಬೇರೆ ಯಾವ ಸಂಖ್ಯೆಯಿಂದ್ಲೂ ಶೇಷ ಉಳೀದೆ ಭಾಗ ಮಾಡೋಕಾಗಲ್ಲ. ಕೊನೇ ಅಂಕಿ ತೆಗೀರಿ, ಉಳಿದಿದ್ದನ್ನೂ ಆಗಲ್ಲ. ಇನ್ನೊಂದು ತೆಗೀರಿ, ಆಗ್ಲೂ ಇಲ್ಲ."

ಬಲದಿಂದ ಒಂದೊಂದೇ ಅಂಕಿಯನ್ನು ಅಂಗೈಯಿಂದ ಮುಚ್ಚುತ್ತಾ ಬಂದಳು. ಏಳು ಮಾತ್ರ ಉಳಿಯಿತು, ಅದೂ ಭಾಗವಾಗದ್ದೇ. ಅವನಿಗೆ ಮೈ ಜುಮ್ಮೆಂದಿತು. ಇಷ್ಟು ವರ್ಷ ಅಂಕಿ ಬರೆದಿದ್ದೇನೆ, ಒಂದನ್ನೂ ನೋಡೇ ಇಲ್ಲವಲ್ಲ ಅನ್ನಿಸಿತು.

"ಆ ಮೂರನ್ನ ಹೇಗಾದ್ರೂ ಸೇರಿಸಿಕೊಡ್ಲಾ?"

"ಈಗ್ಲೇ ಬೇಡ. ಅದು ಬಂದ್ಮೇಲೆ ಮುಂದೆ ಯಾವ ಅಂಕಿ ಬರೆದ್ರೂ ಭಾಗ ಆಗಿಬಿಡುತ್ತೆ. ಅಲ್ಲಿಗೆ ಇದು ಪೂರ್ತಿ ಆಯ್ತು ಅಂತ. ಸದ್ಯಕ್ಕೆ ಬಾಕಿ ಇರಲಿ."

ಮದುವೆಯಾದ ಮೇಲೂ ಅವನು ಕೇಳುತ್ತಲೇ ಇದ್ದ, ಅವಳು ಬೇಡವೆನ್ನುತ್ತಲೇ ಇದ್ದಳು.

*

ಅದನ್ನೆಲ್ಲ ಹೇಳಿ ಮುಗಿಸಿದ ಅಪ್ಪ ಮಗಳ ಅಂಗೈಯನ್ನು ಹಲಗೆಯ ಬಲತುದಿಗೆ ಇಟ್ಟು ಮೆಲ್ಲಗೆ ಎಡಕ್ಕೆ ಸರಿಸತೊಡಗಿದ.

"ಮೊದಲು ಪಕ್ಕದ ಮನೆಯೋರು ಮರೆತುಹೋದ್ರು. ಆಮೇಲೆ ಶಾಲೆ ದಾರಿ. ಆಮೇಲೆ ಲೆಕ್ಕ. ನಿನ್ನ ಹೆಸರು. ನನ್ನ ಹೆಸರು."

ಕೈ ಏಳರ ಪಕ್ಕಕ್ಕೆ ಬಂದು ನಿಂತಿತು.

"ಊಟ ಆಯ್ತಾ ಅಂತ ಕೇಳ್ತಿದ್ಲಲ್ಲ ಮಗಾ, ಅದನ್ನ ಕೇಳಿದ್ದು ಯಾರು?"

ಮಗಳು ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಮೂಗೊರೆಸಿಕೊಂಡು ಬಣ್ಣದ ಡಬ್ಬಿ ಹಿಡಿದಳು. ಅಪ್ಪ ಉಸಿರು ಬಿಗಿಹಿಡಿದು ಬರೆದ.

ವ್ಯಾನಿನವನು ಹಾರ್ನ್ ಮಾಡಿದ. ಮಗಳು ಹಲಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಯಾರ ಬಟ್ಟೆಗೂ ಬಣ್ಣ ತಾಗದಂತೆ, ಜನರ ನಡುವೆ ಅಮ್ಮನ ಮುಂದೆ ನಡೆದಳು. ಮಾಸಿದ ಅಂಕಿಗಳ ಪಕ್ಕದಲ್ಲಿ ಮೂರು ಇನ್ನೂ ಹಸಿಯಾಗಿತ್ತು. ಅದರಾಚೆಗೆ ಅಪ್ಪ ಒಂದು ಬೆರಳಷ್ಟು ಮರವನ್ನೂ ಉಳಿಸಿರಲಿಲ್ಲ.